ಹಳೇ ಬಡಾವಣೆಯ ಹಳೇ ಮರಗಳು: ಬುಡದಿಂದ ಶುರುಮಾಡಿ ನೋಡಿಕೊಳ್ಳುವ ಬಗೆ

ನಮ್ಮ ಕ್ರಾಸಿನಲ್ಲಿ ಬಿದ್ದ ಗುಲ್‌ಮೊಹರ್ ಮರಕ್ಕೆ ಒಂದು ಕಡೆ ಬೇರೇ ಇರಲಿಲ್ಲ. ಏಪ್ರಿಲ್ ಕೊನೆಯ ಮಳೆ, ಹತ್ತು ನಿಮಿಷದ ಗಾಳಿ, ಅಷ್ಟೇ. ಪಕ್ಕದ ಮನೆಯವರ ಸ್ಕೂಟರ್ ಅಪ್ಪಚ್ಚಿಯಾಯಿತು. ಪುಣ್ಯಕ್ಕೆ ಯಾರಿಗೂ ಏನೂ ಆಗಲಿಲ್ಲ. ಬೆಳಗ್ಗೆ ಎದ್ದು ನೋಡಿದರೆ ಬುಡ ಮೇಲೆದ್ದು ನಿಂತಿದೆ. ರಸ್ತೆ ಕಡೆಯ ಬೇರುಗಳೆಲ್ಲ ಗೆರೆ ಎಳೆದ ಹಾಗೆ ಒಂದೇ ನೇರಕ್ಕೆ ತುಂಡಾಗಿವೆ, ತುದಿಗಳು ಕಪ್ಪಾಗಿ ಕೊಳೆತಿವೆ. ಎರಡು ವರ್ಷದ ಹಿಂದೆ ಪೈಪ್ ಹಾಕಲು ಅಗೆದಿದ್ದ ಜಾಗ ಅದು.

ಅದಾದ ಮೇಲೆ ನಮ್ಮ ಬೀದಿಯವರು ಏನು ಮಾಡಿದರು ಅಂದರೆ, ಉಳಿದ ಮರಗಳ ಕೊಂಬೆ ಕಡಿಸಲು ಹೊರಟರು. ತೊಂದರೆ ಇದ್ದದ್ದು ಕೆಳಗೆ, ಎಲ್ಲರೂ ನೋಡಿದ್ದು ಮೇಲೆ. ನಾನೂ ಅವರಲ್ಲೊಬ್ಬನೇ. ಆಮೇಲೆ ನಾವು ನಾಲ್ಕೈದು ಮನೆಯವರು ಸೇರಿ ಬೀದಿಯ ಮರಗಳನ್ನು ನೋಡಿಕೊಳ್ಳುತ್ತಾ ಬಂದೆವು. ತಪ್ಪು ಮಾಡಿದ್ದೂ ಉಂಟು. ಕಲಿತದ್ದನ್ನೆಲ್ಲ ಇಲ್ಲಿ ಬುಡದಿಂದ ತುದಿಯ ಕಡೆಗೆ, ಕ್ರಮವಾಗಿ ಬರೆದಿದ್ದೇನೆ. ಬೆಂಗಳೂರಿನ ಮರಗಳನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಬರೆದದ್ದು. ಮೈಸೂರಿನ, ಶಿವಮೊಗ್ಗದ, ಹುಬ್ಬಳ್ಳಿಯ ಹಳೇ ಬಡಾವಣೆಗಳಿಗೂ ಬಹುಪಾಲು ಹೊಂದುತ್ತದೆ.

ಮೊದಲು ನಿಮ್ಮ ಮರದ ಗುಣ ತಿಳಿಯಿರಿ

ಬಸವನಗುಡಿ, ಮಲ್ಲೇಶ್ವರ ಬೆಳೆದದ್ದು 1898ರ ಪ್ಲೇಗಿನ ಆಸುಪಾಸಿನಲ್ಲಿ. ಜಯನಗರಕ್ಕೆ ಅಡಿಗಲ್ಲು ಬಿದ್ದದ್ದು 1948ರಲ್ಲಿ. ಆಮೇಲೆ 1980ರ ದಶಕದಲ್ಲಿ ಅರಣ್ಯಾಧಿಕಾರಿ ಎಸ್. ಜಿ. ನೇಗಿನಹಾಳ ಅವರ ಮುಂದಾಳತ್ವದಲ್ಲಿ ಊರ ತುಂಬಾ ಲಕ್ಷಗಟ್ಟಲೆ ಗಿಡ ನೆಟ್ಟರು. ಆ ಗಿಡಗಳಿಗೆ ಈಗ ನಲವತ್ತು ದಾಟಿದೆ. ನಲವತ್ತು ಅನ್ನುವುದು ಬೇವಿಗೆ ಹರೆಯ, ರಸ್ತೆ ಬದಿಯ ಗುಲ್‌ಮೊಹರ್‌ಗೆ ಮುಪ್ಪು. ಅದಕ್ಕೇ ಎಲ್ಲ ಮರಕ್ಕೂ ಒಂದೇ ಮದ್ದು ನಡೆಯುವುದಿಲ್ಲ.

ಗುಲ್‌ಮೊಹರ್ ಮಡಗಾಸ್ಕರ್ ಮೂಲದ್ದು. ಚಿಕ್ಕವರಿದ್ದಾಗ ಅದರ ಹೂವಿನ ಕೇಸರದಲ್ಲಿ ಕೋಳಿ ಜಗಳ ಆಡಿದವರಿಗೆ ಆ ಮರದ ಮೇಲೆ ಪ್ರೀತಿ ಜಾಸ್ತಿ, ನನಗೂ ಅಷ್ಟೇ. ಆದರೆ ಸೌದೆ ಪೆಡಸು, ಬೇರು ಮೇಲುಮೇಲಕ್ಕೆ ಹರಡುವಂಥದ್ದು. ನೀರುಕಾಯಿ ಮರ ಆಫ್ರಿಕಾದಿಂದ ಬಂದದ್ದು, ಮೆತ್ತನೆ ಸೌದೆ, ವಯಸ್ಸಾದಂತೆ ಒಳಗೆ ಟೊಳ್ಳಾಗುತ್ತದೆ. ಹಳದಿ ಹೂವಿನ ಕಾಪರ್‌ಪಾಡ್ ಗಾಳಿಗೆ ಕೊಂಬೆ ಮುರಿದು ಬೀಳಿಸುತ್ತದೆ. ಮಳೆಮರದ ಬೊಡ್ಡೆ ಗಟ್ಟಿ, ಆದರೆ ಅಡ್ಡಕ್ಕೆ ಚಾಚಿದ ಕೊಂಬೆಗಳು ಆನೆ ತೂಕದವು. ಅದಕ್ಕೆ ಹಿಟ್ಟು ತಿಗಣೆಯ ಕಾಟವೂ ಇದೆ. ಸಿಲ್ವರ್ ಓಕ್ ಒಣಗಲು ಶುರುವಾದರೆ ತುದಿಯಿಂದ ಒಣಗುತ್ತಾ ಬರುತ್ತದೆ. ಹೊಂಗೆ, ಬೇವು, ನೇರಳೆ, ಹಿಪ್ಪೆ ನಂಬಿಕಸ್ಥ ಮರಗಳು. ಆಲ, ಅರಳಿ ನಮ್ಮ ಮೊಮ್ಮಕ್ಕಳನ್ನೂ ನೋಡುತ್ತವೆ, ಕಾಂಪೌಂಡ್ ಗೋಡೆ ಮಾತ್ರ ನೋಡುವುದಿಲ್ಲ.

ಒಂದು ನೋಟ್‌ಬುಕ್, ಒಂದು ಹಗ್ಗ

ಫೆಬ್ರವರಿಯಲ್ಲಿ ಒಂದು ಭಾನುವಾರ ಬೆಳಗ್ಗೆ ಶುರುಮಾಡಿ. ಆಗ ಗುಲ್‌ಮೊಹರ್ ಎಲೆ ಉದುರಿಸಿ ಬೋಳಾಗಿರುತ್ತದೆ, ಅದರ ಮೂಳೆಮೂಳೆ ಕಾಣುತ್ತದೆ. ಬೇಸಿಗೆ ಮಳೆಗೆ ಇನ್ನೂ ಒಂದೆರಡು ತಿಂಗಳು ಇರುತ್ತದೆ.

ಪ್ರತಿ ಮರಕ್ಕೂ ಒಂದು ನಂಬರ್ ಕೊಡಿ. ನೆಲದಿಂದ ನಾಲ್ಕೂವರೆ ಅಡಿ ಎತ್ತರದಲ್ಲಿ ಹಗ್ಗ ಸುತ್ತಿ ಸುತ್ತಳತೆ ಬರೆದುಕೊಳ್ಳಿ. ಅದನ್ನು 3.14ರಿಂದ ಭಾಗಿಸಿದರೆ ಬೊಡ್ಡೆಯ ಅಡ್ಡಳತೆ ಸಿಗುತ್ತದೆ, ಮುಂದೆ ಬೇಕಾಗುತ್ತದೆ. ಒಂದೇ ಜಾಗದಲ್ಲಿ ನಿಂತು ಎರಡು ಫೋಟೋ ತೆಗೆಯಿರಿ, ಒಂದು ರಸ್ತೆ ಕಡೆಯಿಂದ, ಇನ್ನೊಂದು ಮನೆ ಕಡೆಯಿಂದ. ಮುಂದಿನ ವರ್ಷ ಅದೇ ಜಾಗದಲ್ಲಿ ನಿಂತು ಮತ್ತೆ ತೆಗೆಯಿರಿ. ಮರ ವಾಲಿದೆಯೋ ಇಲ್ಲವೋ ಅನ್ನುವ ಜಗಳ ಇದರಿಂದಲೇ ಬಗೆಹರಿಯುತ್ತದೆ. ನಮ್ಮ ಬೀದಿಯ ಮೂರನೇ ನಂಬರಿನ ಹೊಂಗೆ ವಾಲುತ್ತಿದೆ ಎಂದು ಅರ್ಧ ಬೀದಿ ಹೇಳುತ್ತಿತ್ತು. ಫೋಟೋ ಇಟ್ಟು ನೋಡಿದರೆ ನಾಲ್ಕು ವರ್ಷದಲ್ಲಿ ಕೂದಲೆಳೆಯಷ್ಟೂ ಕದಲಿಲ್ಲ. ಅದು ಹುಟ್ಟಾ ಸೊಟ್ಟ.

ಬುಡ: ಇಲ್ಲಿ ಸಮಯ ಕೊಡಿ

ಆರೋಗ್ಯವಾಗಿರುವ ಮರದ ಬುಡ ಆನೆಯ ಪಾದದ ಹಾಗೆ ಅಗಲವಾಗಿ ನೆಲಕ್ಕೆ ಕೂತಿರುತ್ತದೆ. ನಿಮ್ಮ ಮರ ಲೈಟು ಕಂಬದ ಹಾಗೆ ನೇರವಾಗಿ ಮಣ್ಣಿನಿಂದ ಎದ್ದಿದ್ದರೆ, ಬುಡದ ಸುತ್ತ ಯಾರೋ ಮಣ್ಣೋ ಕಟ್ಟಡದ ಪುಡಿಯೋ ತುಂಬಿದ್ದಾರೆ ಅಂತಲೇ ಅರ್ಥ. ಮಣ್ಣಿನಡಿ ಹೂತ ತೊಗಟೆ ಸದಾ ಒದ್ದೆಯಾಗಿದ್ದು ಕೊಳೆಯುತ್ತದೆ.

ತಾಯಿಬೇರು ಪಾತಾಳಕ್ಕೆ ಇಳಿದಿರುತ್ತದೆ ಎನ್ನುವುದು ನಮ್ಮೆಲ್ಲರ ನಂಬಿಕೆ. ದೊಡ್ಡ ಮರಗಳಲ್ಲಿ ನೀರು, ಗೊಬ್ಬರ ಹೀರುವ ಸಣ್ಣ ಬೇರುಗಳು ಬಹುಪಾಲು ಮೇಲಿನ ಒಂದೂವರೆ-ಎರಡು ಅಡಿ ಮಣ್ಣಿನಲ್ಲೇ ಇರುತ್ತವೆ. ಕೊಂಬೆ ಚಾಚಿದ್ದಕ್ಕಿಂತ ಆಚೆಗೂ ಹರಡಿರುತ್ತವೆ. ಅವಕ್ಕೆ ನೀರಿನಷ್ಟೇ ಗಾಳಿಯೂ ಬೇಕು. ಫುಟ್‌ಪಾತ್ ಟೈಲ್ಸ್ ಬೊಡ್ಡೆಗೆ ತಾಗಿಸಿ ಕೂರಿಸಿ, ಸಂದಿಗೆ ಸಿಮೆಂಟ್ ಮೆತ್ತಿದರೆ ಎರಡೂ ಹೋಯಿತು. ಹಳೇ ಅರಳಿಕಟ್ಟೆಗಳನ್ನು ನೋಡಿ: ಸುತ್ತ ಕಲ್ಲು ಕಟ್ಟಿದರೂ ನಡುವೆ ಮಣ್ಣು ಬಿಟ್ಟಿರುತ್ತಿದ್ದರು. ಈಗ ಕಟ್ಟೆಗೂ ಗ್ರಾನೈಟ್ ಹೊದಿಸಿಬಿಡುತ್ತಾರೆ.

ದೆಹಲಿಯಲ್ಲಿ ಮರಗಳ ಸುತ್ತ ಒಂದು ಮೀಟರ್ ಕಾಂಕ್ರೀಟ್ ತೆಗೆಯಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2013ರಲ್ಲೇ ಹೇಳಿತ್ತು. ಆ ಒಂದು ಮೀಟರನ್ನೇ ನೀವೂ ಗುರಿ ಮಾಡಿಕೊಳ್ಳಿ. ಫುಟ್‌ಪಾತ್ ಪಾಲಿಕೆಯ ಸ್ವತ್ತು, ಆದ್ದರಿಂದ ಮೊದಲು ವಾರ್ಡಿನ ಎಂಜಿನಿಯರ್‌ಗೆ ಒಂದು ಪತ್ರ ಕೊಡಿ. ಒಪ್ಪಿಗೆ ಸಿಕ್ಕ ಮೇಲೆ ಕೆಲಸ ಹೀಗೆ:

1. ಟೈಲ್ಸ್ ಅಥವಾ ಚಪ್ಪಡಿಯನ್ನು ಸಲಾಕೆಯಿಂದ ಮೀಟಿ ಎತ್ತಿಸಿ. ಕಾಂಕ್ರೀಟ್ ಇದ್ದರೆ ಉಳಿ, ಸುತ್ತಿಗೆಯಲ್ಲಿ ಒಡೆಯಬೇಕು. ಜೆಸಿಬಿ ಹತ್ತಿರಕ್ಕೂ ಬೇಡ. ಅದರ ಒಂದು ಎಳೆತಕ್ಕೆ ಹತ್ತು ವರ್ಷದ ಬೇರು ಹೋಗುತ್ತದೆ.
2. ಬೊಡ್ಡೆಯ ಪಕ್ಕದ ಮಣ್ಣನ್ನು ಕೈಯಿಂದ, ಸಣ್ಣ ಕಳೆ ಕೀಳುವ ಕುರ್ಚಿಗೆಯಿಂದ ಬಿಡಿಸಿ. ಬೇರು ಸಿಕ್ಕಾಗ ಅಲ್ಲಿಗೇ ನಿಲ್ಲಿಸಿ.
3. ಜಲ್ಲಿ, ಸಿಮೆಂಟ್ ಪುಡಿ, ಪ್ಲಾಸ್ಟಿಕ್ ಎಲ್ಲ ಆರಿಸಿ ತೆಗೆಯಿರಿ. ನಮಗೆ ಒಂದು ಮರದ ಬುಡದಲ್ಲಿ ಎರಡು ಚೀಲ ಹೆಂಚಿನ ಚೂರು, ಒಂದು ಹಳೇ ನಲ್ಲಿ ಸಿಕ್ಕಿತು.
4. ತೆಗೆದ ಜಾಗಕ್ಕೆ ಎರಡು ಇಂಚು ಒಳ್ಳೇ ಮಣ್ಣು, ಸ್ವಲ್ಪ ಎಲೆಗೊಬ್ಬರ. ಮೊದಲಿನ ಮಟ್ಟಕ್ಕಿಂತ ಎತ್ತರ ಮಾಡಬೇಡಿ.
5. ಅದರ ಮೇಲೆ ಮೂರು ಇಂಚು ತರಗೆಲೆ. ಬೊಡ್ಡೆಯಿಂದ ಒಂದು ಗೇಣು ಬಿಟ್ಟು ಹಾಕಿ.

ಐದನೆಯದಕ್ಕೇ ಜಗಳ ಬರುವುದು. ಎದುರು ಮನೆ ಅಜ್ಜಿ ನನ್ನನ್ನು ನಿಲ್ಲಿಸಿ ಕೇಳಿದರು: "ಏನಪ್ಪಾ, ಕಸ ಗುಡಿಸೋದು ಬಿಟ್ಟು ತಂದು ಸುರೀತಿದೀಯ, ಹಾವು ಬರಲ್ವಾ?" ಮೂರು ಇಂಚಿನ ಎಲೆಯಲ್ಲಿ ಹಾವು ಮನೆ ಮಾಡುವುದಿಲ್ಲ ಎಂದು ಹೇಳಿ ಪ್ರಯೋಜನವಾಗಲಿಲ್ಲ. ಸುತ್ತ ಒಂದು ಸಾಲು ಇಟ್ಟಿಗೆ ಜೋಡಿಸಿದೆವು, ಅಂಚು ಚೆಂದ ಕಂಡಿತು, ಮಾತು ನಿಂತಿತು. ಮಳೆ ನೀರು ಒಳಗೆ ಹೋಗಲು ರಸ್ತೆ ಇಳಿಜಾರಿನ ಕಡೆ ಎರಡು ಇಟ್ಟಿಗೆ ಬಿಡಿ.

ತರಗೆಲೆಗೆ ಬೆಂಕಿ ಹಾಕುವುದು, ಸೋಪಿನ ನೀರು ಚೆಲ್ಲುವುದು, ಟೈಲ್ಸ್ ಕೆಲಸದವರು ಸಿಮೆಂಟ್ ಬಾಂಡ್ಲಿ ತೊಳೆದ ನೀರು ಸುರಿಯುವುದು, ಈ ಮೂರನ್ನೂ ತಡೆಯಿರಿ. ಬೊಡ್ಡೆಗೆ ಬಳಿದ ಸುಣ್ಣ-ಕೆಮ್ಮಣ್ಣಿನ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ, ಅದರಿಂದ ಕೆಡುಕಿಲ್ಲ.

ಮರಕ್ಕೆ ಹಳೇ ಕಬ್ಬಿಣದ ಗಾರ್ಡ್ ಇದೆಯಾ? ತೊಗಟೆ ಅದನ್ನು ಇನ್ನೂ ನುಂಗದಿದ್ದರೆ ಕಟ್ಟರ್ ತರಿಸಿ ಕತ್ತರಿಸಿ ತೆಗೆಯಿರಿ. ಅರ್ಧ ನುಂಗಿದ್ದರೆ ಹೊರಗಿರುವಷ್ಟನ್ನು ಮಾತ್ರ ಕತ್ತರಿಸಿ, ಒಳಗಿನದನ್ನು ಎಳೆಯಲು ಹೋಗಬೇಡಿ. ಬೋರ್ಡ್ ಹೊಡೆದ ಮೊಳೆಗೂ ಇದೇ ಮಾತು. ಸಡಿಲವಾಗಿದ್ದರೆ ಇಕ್ಕಳದಲ್ಲಿ ಕೀಳಿ, ಆಳಕ್ಕೆ ಹೋಗಿದ್ದರೆ ಬಿಡಿ.

ನೀರು

ದೊಡ್ಡ ಮರಕ್ಕೆ ನೀರು ಯಾಕೆ ಅನ್ನುತ್ತಾರೆ. ಸುತ್ತ ಎರಡೆಕರೆ ಮಣ್ಣಿದ್ದರೆ ಬೇಡ. ಟಾರು-ಸಿಮೆಂಟಿನ ನಡುವೆ ಸಿಕ್ಕಿಕೊಂಡ ಮುದಿ ಮರಕ್ಕೆ ಮಾರ್ಚ್‌ನಿಂದ ಮೇವರೆಗೆ ಬೇಕು. ಹದಿನೈದು ದಿನಕ್ಕೊಮ್ಮೆ ಒಂದು ಡ್ರಮ್, ಅಂದರೆ 200 ಲೀಟರ್, ನಿಧಾನಕ್ಕೆ ಇಂಗುವ ಹಾಗೆ ಕೊಡಿ. ದಿನಾ ಒಂದು ಚೊಂಬು ಹಾಕುವುದರಿಂದ ನಿಮ್ಮ ಮನಸ್ಸಿಗೆ ಸಮಾಧಾನ, ಮರಕ್ಕೇನೂ ಇಲ್ಲ. ಬೊಡ್ಡೆಗೆ ಸುರಿಯಬೇಡಿ, ತೆರೆದ ಮಣ್ಣಿನ ಹೊರ ಅಂಚಿಗೆ ಹಾಕಿ.

2024ರ ಬೇಸಿಗೆಯಲ್ಲಿ ಬೆಂಗಳೂರಿನಲ್ಲಿ ಕುಡಿಯುವ ನೀರನ್ನು ಗಿಡಕ್ಕೆ ಬಳಸುವುದಕ್ಕೇ ತಡೆ ಬಂತು. ಆಗ ನಾವು ಅಕ್ಕಿ, ತರಕಾರಿ ತೊಳೆದ ನೀರು, ಎಸಿ ನೀರು ಸೇರಿಸಿಟ್ಟು ಹಾಕಿದೆವು. ಆರ್‌ಒ ಫಿಲ್ಟರಿನಿಂದ ಹೊರಬರುವ ನೀರಿನಲ್ಲಿ ಉಪ್ಪಿನಂಶ ಜಾಸ್ತಿ. ಯಾವಾಗಲಾದರೊಮ್ಮೆ ಬೇರೆ ನೀರಿನ ಜೊತೆ ಬೆರೆಸಿ ಹಾಕಬಹುದು, ಒಂದೇ ಮರಕ್ಕೆ ದಿನವೂ ಬೇಡ.

ರಸ್ತೆ ಅಗೆಯಲು ಬಂದಾಗ

ಕೇಬಲ್ಲು, ಪೈಪು, ಚರಂಡಿ, ಏನಾದರೊಂದು ಬಂದೇ ಬರುತ್ತದೆ. ಬೊಡ್ಡೆಯ ಅಡ್ಡಳತೆಯ ಹತ್ತು-ಹನ್ನೆರಡು ಪಟ್ಟು ದೂರದವರೆಗೆ ಬೇರಿನ ಜಾಗ ಎಂದು ಮರತಜ್ಞರು ಲೆಕ್ಕ ಹಾಕುತ್ತಾರೆ. ಎರಡು ಅಡಿ ಅಡ್ಡಳತೆಯ ಮರಕ್ಕೆ ಇಪ್ಪತ್ತು ಅಡಿ! ಮೂವತ್ತು ಅಡಿ ರಸ್ತೆಯಲ್ಲಿ ಅದು ಆಗದ ಮಾತು. ಆದರೂ ಚೌಕಾಸಿ ಮಾಡಿ. ಗುಂಡಿ ಎರಡು ಅಡಿ ಆಚೆ ಸರಿದರೂ ಲಾಭವೇ.

ಕೆಲಸ ಶುರುವಾಗುವ ದಿನ ಬೆಳಗ್ಗೆಯೇ ಮೇಸ್ತ್ರಿಯ ಹತ್ತಿರ ಹೋಗಿ, ಕಾಫಿ ಕೊಟ್ಟು ಮಾತಾಡಿ. ಮರದ ಹತ್ತಿರದ ಭಾಗವನ್ನು ಕೈಯಿಂದ ಅಗೆಯಲಿ. ಮಣಿಕಟ್ಟಿಗಿಂತ ದಪ್ಪದ ಬೇರು ಸಿಕ್ಕರೆ ಕಡಿಯದೆ ಅದರ ಅಡಿಯಿಂದ ಪೈಪ್ ತೂರಿಸಲಿ. ಸಣ್ಣ ಬೇರು ಕಡಿಯಲೇಬೇಕಾದರೆ ಗರಗಸದಲ್ಲಿ ನೀಟಾಗಿ ಕೊಯ್ಯಲಿ. ಗುದ್ದಲಿಯಲ್ಲಿ ಜಜ್ಜಿದ ಬೇರು ಕೊಳೆಯುತ್ತದೆ, ಕೊಯ್ದ ಬೇರು ಮತ್ತೆ ಚಿಗುರುತ್ತದೆ. ಗುಂಡಿ ಅವತ್ತೇ ಮುಚ್ಚದಿದ್ದರೆ ಬೇರಿಗೆ ಒದ್ದೆ ಗೋಣಿತಾಟು ಹೊದಿಸಿ. ನೋಟ್‌ಬುಕ್ಕಿನಲ್ಲಿ ದಿನಾಂಕ, ಎಷ್ಟು ದೂರದಲ್ಲಿ ಅಗೆದರು ಎಂದು ಬರೆಯಿರಿ. ಮುಂದಿನ ಎರಡು-ಮೂರು ಮಳೆಗಾಲ ಆ ಮರದ ಮೇಲೆ ಕಣ್ಣಿರಲಿ. ನಮ್ಮ ಗುಲ್‌ಮೊಹರ್ ವಿಷಯದಲ್ಲಿ ನಾವು ಮಾಡದೇ ಹೋದದ್ದು ಇದನ್ನೇ.

ಬೊಡ್ಡೆ: ಪೊಟರೆ, ಅಣಬೆ, ಗೆದ್ದಲು

ಪೊಟರೆ ಕಂಡ ತಕ್ಷಣ ಮರ ಸತ್ತಿತು ಅಂದುಕೊಳ್ಳಬೇಡಿ. ಮರದ ಜೀವ ಇರುವುದು ಹೊರಗಿನ ಪದರದಲ್ಲಿ. ಒಳಗಿನ ಸೌದೆ ಹೋದರೂ ಹೊರಗೋಡೆ ಗಟ್ಟಿಯಾಗಿದ್ದರೆ ಮರ ನಿಲ್ಲುತ್ತದೆ, ಟೊಳ್ಳು ಬಿದಿರು ನಿಲ್ಲುವುದಿಲ್ಲವೇ? ತಜ್ಞರು ಬಳಸುವ ಒಂದು ಅಂದಾಜಿದೆ: ಗಟ್ಟಿ ಗೋಡೆಯ ದಪ್ಪ ಬೊಡ್ಡೆಯ ಅಡ್ಡಳತೆಯ ಅರ್ಧದಲ್ಲಿ ಮೂರನೇ ಒಂದು ಪಾಲಾದರೂ ಇರಬೇಕು. 60 ಸೆಂಟಿಮೀಟರ್ ಅಡ್ಡಳತೆಗೆ ಸುಮಾರು 10 ಸೆಂಟಿಮೀಟರ್. ಪೊಟರೆಯ ಬಾಯಿ ಅಗಲವಾಗಿದ್ದರೆ ಇಷ್ಟೂ ಸಾಲದು.

ಮನೆಯಲ್ಲೇ ಮಾಡಬಹುದಾದ ಪರೀಕ್ಷೆ ಎಂದರೆ ತಟ್ಟಿ ನೋಡುವುದು. ಮರದ ಸುತ್ತಿಗೆ ಅಥವಾ ಕಲ್ಲು ಕೂರಿಸುವವರ ರಬ್ಬರ್ ಸುತ್ತಿಗೆ ತಗೊಳ್ಳಿ. ಬುಡದಿಂದ ಆಳೆತ್ತರದವರೆಗೆ ಸುತ್ತ ತಟ್ಟುತ್ತಾ ಹೋಗಿ. ಗಟ್ಟಿ ಇರುವಲ್ಲಿ ಸದ್ದು ಟಕ್ ಎಂದು ಚಿಕ್ಕದಾಗಿ ಬರುತ್ತದೆ. ಟೊಳ್ಳಿರುವಲ್ಲಿ ಹಲಸಿನ ಹಣ್ಣು ತಟ್ಟಿದ ಹಾಗೆ ಡಬ್ ಅನ್ನುತ್ತದೆ. ಸದ್ದು ಬದಲಾದ ಕಡೆ ಸೀಮೆಸುಣ್ಣದಲ್ಲಿ ಗೆರೆ ಎಳೆಯಿರಿ. ಒಂದು ಸುತ್ತು ಮುಗಿದಾಗ ಟೊಳ್ಳಿನ ಆಕಾರವೇ ಮರದ ಮೇಲೆ ಮೂಡಿರುತ್ತದೆ. ಇದು ಅಂದಾಜು ಮಾತ್ರ, ಆದರೆ ತಜ್ಞರನ್ನು ಕರೆಯಬೇಕೋ ಬೇಡವೋ ಎಂದು ತೀರ್ಮಾನಿಸಲು ಸಾಕು.

ಪೊಟರೆಗೆ ಸಿಮೆಂಟ್ ತುಂಬಬೇಡಿ. ಹಿಂದೆ ಅದೇ ಪದ್ಧತಿ ಇತ್ತು. ಗಾಳಿಗೆ ಮರ ತೂಗುತ್ತದೆ, ಸಿಮೆಂಟ್ ತೂಗುವುದಿಲ್ಲ. ಎರಡರ ನಡುವೆ ಬಿರುಕು ಬಿಟ್ಟು ನೀರು ನಿಂತು ಕೊಳೆತ ಇನ್ನೂ ಜಾಸ್ತಿಯಾಗುತ್ತದೆ.

ಬುಡದಲ್ಲಿ ಹಲಗೆಯಂಥ ಗಟ್ಟಿ ಅಣಬೆ ಎದ್ದರೆ ಮಾತ್ರ ಗಂಭೀರವಾಗಿ ತಗೊಳ್ಳಿ. ಅದು ಒಳಗಿನ ಬೇರು ಕೊಳೆಯುತ್ತಿರುವ ಗುರುತು. ಅಣಬೆ ಕಿತ್ತು ಬಿಸಾಡಿದರೆ ಗುರುತು ಹೋಯಿತೇ ಹೊರತು ರೋಗ ಹೋಗಲಿಲ್ಲ. ಗೆದ್ದಲು ಬಹುಮಟ್ಟಿಗೆ ಸತ್ತ ತೊಗಟೆ, ಸತ್ತ ಸೌದೆಗೆ ಬರುವಂಥದ್ದು. ಮಣ್ಣಿನ ಪದರ ಕೆರೆದು ಒಳಗಿನ ತೊಗಟೆ ಹಸಿರಾಗಿದೆಯಾ ನೋಡಿ. ಹಸಿರಿದ್ದರೆ ಚಿಂತೆ ಕಡಿಮೆ.

ಈಗ ಮೇಲೆ ನೋಡಿ

ಕೊಂಬೆ ಕಡಿಯುವವರನ್ನು ಕರೆದರೆ ಮೊದಲ ಮಾತು ಇದೇ ಬರುತ್ತದೆ: "ಸಾರ್, ಬೋಳು ಮಾಡ್ಬಿಡಣ, ಐದ್ ವರ್ಷ ತಲೆನೋವಿರಲ್ಲ." ಇದಕ್ಕೆ ಒಪ್ಪಿದರೆ ತಲೆನೋವು ಶುರುವಾಗುವುದು ಅಲ್ಲಿಂದಲೇ. ತಲೆ ಕಡಿದ ಮರ ಗಾಬರಿಯಾದ ಹಾಗೆ ಒಂದೊಂದು ಮೋಟಿನಿಂದಲೂ ಹತ್ತಾರು ಚಿಗುರು ಎಬ್ಬಿಸುತ್ತದೆ. ಅವು ಸರಸರ ಬೆಳೆಯುತ್ತವೆ. ಆದರೆ ಅಂಟಿಕೊಂಡಿರುವುದು ತೊಗಟೆಯ ಪಕ್ಕದ ತೆಳು ಪದರಕ್ಕೆ ಮಾತ್ರ, ಅದರ ಕೆಳಗೆ ಮೋಟು ಕೊಳೆಯುತ್ತಿರುತ್ತದೆ. ಮುಂದೆ ಗಾಳಿಗೆ ಮುರಿದು ಬೀಳುವುದು ಇವೇ. ತಂತಿಗಾಗಿ ಒಂದೇ ಪಕ್ಕ ಕಡಿದರೂ ಮರ ಇನ್ನೊಂದು ಪಕ್ಕಕ್ಕೆ ಭಾರವಾಗುತ್ತದೆ.

ತೆಗೆಯಬೇಕಾದದ್ದು ಇಷ್ಟೇ: ಒಣಗಿದ ಕೊಂಬೆ, ಮುರಿದು ನೇತಾಡುವ ಕೊಂಬೆ, ಒಂದಕ್ಕೊಂದು ಉಜ್ಜುವ ಕೊಂಬೆ, ಬಂದಣಿಕೆ ಹತ್ತಿದ ರೆಂಬೆ. ಬಂದಣಿಕೆಯನ್ನು ಕೆಲವರು ಬದನಿಕೆ ಎನ್ನುತ್ತಾರೆ. ಹೊಂಗೆ, ಮಾವಿನ ಮೇಲೆ ಬೇರೆ ಜಾತಿ ಎಲೆಯ ಪೊದೆ ಕಂಡರೆ ಅದೇ. ಎಲೆ ಮಾತ್ರ ಕಿತ್ತರೆ ಮತ್ತೆ ಬರುತ್ತದೆ, ಅಂಟಿಕೊಂಡ ಜಾಗಕ್ಕಿಂತ ಒಂದಡಿ ಕೆಳಗೆ ರೆಂಬೆಯನ್ನೇ ಕೊಯ್ಯಬೇಕು. ಮುದಿ ಮರದಲ್ಲಿ ಒಂದು ವರ್ಷಕ್ಕೆ ಹಸಿರು ಕೊಂಬೆಗಳ ಹತ್ತನೇ ಒಂದು ಭಾಗಕ್ಕಿಂತ ಜಾಸ್ತಿ ಮುಟ್ಟಬೇಡಿ.

ಕೊಯ್ಯುವ ಕ್ರಮ ಮೂರು ಹಂತದ್ದು. ಕೆಲಸದವರಿಗೆ ಮೊದಲೇ ತೋರಿಸಿ.

ಮೊದಲ ಕೊಯ್ತ ಕೊಂಬೆಯ ಅಡಿಯಿಂದ, ಬೊಡ್ಡೆಯಿಂದ ಒಂದಡಿ ದೂರದಲ್ಲಿ, ದಪ್ಪದ ಮೂರನೇ ಒಂದು ಪಾಲಿನಷ್ಟು. ಎರಡನೆಯದು ಅದಕ್ಕಿಂತ ಎರಡು-ಮೂರು ಇಂಚು ಆಚೆ, ಮೇಲಿನಿಂದ ಪೂರ್ತಿ. ಈಗ ಕೊಂಬೆ ತೊಗಟೆ ಸುಲಿಯದೆ ಬೀಳುತ್ತದೆ. ಉಳಿದದ್ದು ಒಂದಡಿ ಮೋಟು. ಕೊಂಬೆ ಹುಟ್ಟುವ ಜಾಗದಲ್ಲಿ ಬಳೆ ತೊಟ್ಟಂತೆ ಒಂದು ಉಬ್ಬು ಇರುತ್ತದೆ, ಬೆರಳಾಡಿಸಿದರೆ ಗೊತ್ತಾಗುತ್ತದೆ. ಮೂರನೇ ಕೊಯ್ತ ಆ ಬಳೆಯ ಹೊರಗೆ. ಬಳೆಯನ್ನು ಸವರಿ ಬೊಡ್ಡೆಗೆ ಸಮ ಮಾಡಬಾರದು, ಮೋಟನ್ನು ಉದ್ದ ಬಿಡಲೂಬಾರದು.

ಈ ಬಳೆಯ ಮಹತ್ವವನ್ನು ತೋರಿಸಿಕೊಟ್ಟವರು ಅಮೆರಿಕದ ಅಲೆಕ್ಸ್ ಶೈಗೊ. ಸಾವಿರಾರು ಮರಗಳನ್ನು ಸೀಳಿ ನೋಡಿದ ವಿಜ್ಞಾನಿ. ನಮ್ಮ ಚರ್ಮದ ಹಾಗೆ ಮರದ ಗಾಯ ಮಾಯುವುದಿಲ್ಲ. ಕೆಟ್ಟ ಭಾಗದ ಸುತ್ತ ಮರ ಒಳಗೊಳಗೇ ಗೋಡೆ ಕಟ್ಟಿ ಅದನ್ನು ಬೇರೆ ಮಾಡುತ್ತದೆ. ಆ ಗೋಡೆ ಬಲವಾಗಿ ಏಳುವುದು ಬಳೆಯ ಜಾಗದಲ್ಲಿ. ಅದಕ್ಕೇ ಗಾಯಕ್ಕೆ ಪೇಂಟು, ಟಾರು ಬಳಿಯುವುದು ದಂಡ. ಸುಮ್ನೆ ಬಿಡಿ, ಒಣಗಲಿ.

ಕಾಲ ಯಾವುದು? ಡಿಸೆಂಬರ್‌ನಿಂದ ಫೆಬ್ರವರಿ ಒಳ್ಳೆಯದು, ಮಳೆಯಿಲ್ಲ. ಆದರೆ ಗಿಳಿ, ಕುಟ್ರುಹಕ್ಕಿ, ಹಾಲಕ್ಕಿ ಪೊಟರೆಯಲ್ಲಿ ಸಂಸಾರ ಹೂಡುವ ಕಾಲವೂ ಅದರ ಹಿಂದೆಯೇ ಬರುತ್ತದೆ. ಗರುಡನಂತೆ ಕಾಣುವ ಹದ್ದುಗಳೂ ತುದಿಯಲ್ಲಿ ಗೂಡು ಕಟ್ಟಿರುತ್ತವೆ. ಎರಡು ದಿನ ಕೆಳಗೆ ನಿಂತು ಹಕ್ಕಿ ಹೋಗಿಬರುವುದನ್ನು ನೋಡಿ. ಗೂಡಿದ್ದರೆ ಆ ಕೊಂಬೆಯನ್ನು ಮುಂದೂಡಿ, ತಲೆ ಮೇಲೆ ಬೀಳುವಂತಿದ್ದರೆ ಮಾತು ಬೇರೆ.

ಆಳೆತ್ತರಕ್ಕಿಂತ ಮೇಲಿನ ಕೊಂಬೆಗೆ ನೀವಾಗಿ ಏಣಿ ಹಾಕಬೇಡಿ. ತಂತಿ ಹತ್ತಿರವಿದ್ದರೆ ಕೋಲು ಕೂಡ ತಾಗಿಸಬೇಡಿ. ಬೆಸ್ಕಾಂನ 1912ಕ್ಕೆ ಫೋನ್ ಮಾಡಿ, ಕರೆಂಟ್ ತೆಗೆಸಿದ ಮೇಲೇ ಕೆಲಸ.

ಕಾಯಬಾರದ ಗುರುತುಗಳು

ಹೊಸದಾಗಿ ವಾಲಿದ್ದು, ವಾಲಿದ ಎದುರು ಪಕ್ಕದ ನೆಲ ಬಿರುಕು ಬಿಟ್ಟು ಎದ್ದದ್ದು, ಎರಡು ದೊಡ್ಡ ಕವಲು ಕೂಡುವಲ್ಲಿ ಸೀಳು, ಮಳೆಯಿಲ್ಲದ ಹೊತ್ತಿನಲ್ಲೂ ಕಿರ್ ಎನ್ನುವ ಸದ್ದು. ಇದರಲ್ಲಿ ಒಂದು ಕಂಡರೂ ಕೆಳಗಿನ ಗಾಡಿ ತೆಗೆಸಿ, ಮಕ್ಕಳನ್ನು ದೂರ ಇಡಿ, ಬೆಂಗಳೂರಿನಲ್ಲಿದ್ದರೆ ಪಾಲಿಕೆಯ 1533ಕ್ಕೆ ಕರೆ ಮಾಡಿ. ಫೋಟೋ ಕಳಿಸಿ, ದೂರಿನ ಸಂಖ್ಯೆ ಬರೆದುಕೊಳ್ಳಿ.

ನಿಮ್ಮ ಕಾಂಪೌಂಡಿನೊಳಗಿನ ಮರವಾದರೂ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ, 1976ರ ಪ್ರಕಾರ ಕಡಿಯುವ ಮೊದಲು ವೃಕ್ಷಾಧಿಕಾರಿಯ ಅನುಮತಿ ಬೇಕು. ತೆಂಗು, ನೀಲಗಿರಿ, ಸಿಲ್ವರ್ ಓಕ್‌ನಂಥ ಕೆಲವಕ್ಕೆ ವಿನಾಯಿತಿ ಇದೆ, ಆದರೂ ಒಂದು ಮಾತು ಕೇಳಿಯೇ ಮುಟ್ಟಿ. ಬೀದಿ ಮರದ ಕೊಂಬೆಗೆ ನೀವಾಗಿ ಮಚ್ಚು ಹಾಕುವಂತಿಲ್ಲ. 2025ರ ಸೆಪ್ಟೆಂಬರಿನಿಂದ ಬಿಬಿಎಂಪಿಯ ಜಾಗಕ್ಕೆ ಐದು ಪಾಲಿಕೆಗಳು ಬಂದಿವೆ, ಅರ್ಜಿ ಬರೆಯುವ ಮೊದಲು ನಿಮ್ಮ ಬೀದಿ ಯಾವುದಕ್ಕೆ ಸೇರಿದ್ದು ನೋಡಿಕೊಳ್ಳಿ. ಅರ್ಜಿಯ ಜೊತೆ ನಿಮ್ಮ ನೋಟ್‌ಬುಕ್ಕಿನ ಅಳತೆ, ಎರಡು ವರ್ಷದ ಫೋಟೋ ಲಗತ್ತಿಸಿದರೆ ಅಧಿಕಾರಿಗೂ ಕೆಲಸ ಹಗುರ.

ಮುಂದಿನ ಮರ

ಹಳೇ ಮರ ಬೀಳುವ ತನಕ ಕಾಯಬೇಡಿ. ಈಗಲೇ ಅದರ ಪಕ್ಕದ ಖಾಲಿ ಜಾಗ ಹುಡುಕಿ, ಕೊಂಬೆಯ ನೆರಳಿನಿಂದ ಆಚೆ. ಮೇಲೆ ತಂತಿ ಇಲ್ಲದಿದ್ದರೆ ಹೊಂಗೆ, ಬೇವು, ನೇರಳೆ, ಹೊಳೆದಾಸವಾಳ. ತಂತಿ ಇದ್ದರೆ ಕಂಚುವಾಳದಂಥ ಚಿಕ್ಕ ಮರ. ನಾವು ನೇರಳೆ ಬೇಡ ಅಂದವರ ಮಾತು ಕೇಳಿದೆವು, ಹಣ್ಣಿನ ಕಾಲದಲ್ಲಿ ಕಾರಿನ ಮೇಲೆಲ್ಲ ಕಲೆ ಎಂದು. ಹೊಂಗೆ ನೆಟ್ಟೆವು.

ಜೂನ್‌ನಲ್ಲಿ ಎರಡು ಮಳೆ ಬಿದ್ದ ಮೇಲೆ ನೆಡಿ. ಎರಡಡಿ ಅಗಲ, ಎರಡಡಿ ಆಳದ ಗುಂಡಿ, ಆರಡಿ ಎತ್ತರದ ಗಿಡ. ಪ್ಲಾಸ್ಟಿಕ್ ಚೀಲ ಹರಿದು ತೆಗೆದಾಗ ಬೇರು ಸುರುಳಿ ಸುತ್ತಿಕೊಂಡಿದ್ದರೆ ಬಿಡಿಸಿ ನೆಡಿ. ಮೊದಲ ಎರಡು ಬೇಸಿಗೆ ವಾರಕ್ಕೆರಡು ಕೊಡ ನೀರು. ಹಸುಗಳ ಕಾಟಕ್ಕೆ ಗಾರ್ಡ್ ಬೇಕೇ ಬೇಕು. ಅದನ್ನು ತೆಗೆಯುವ ತಿಂಗಳನ್ನು ಗಿಡ ನೆಟ್ಟ ದಿನವೇ ನೋಟ್‌ಬುಕ್ಕಿನ ಕೊನೆ ಹಾಳೆಯಲ್ಲಿ ಬರೆದಿಡಿ. ನಮ್ಮದು ನಾಲ್ಕನೇ ವರ್ಷದ ಜನವರಿ, ಕಟ್ಟರ್ ಇರುವುದು ಎದುರು ಮನೆ ಅಜ್ಜಿಯ ಮಗನ ಹತ್ತಿರ.